ತನಗೆ ತಾನೇ ಹೇಳಿಕೊಳ್ಳಬಾರದ ಮಾತು

ಹಾಡಿನ ನಟ್ಟನಡುವೆ ಯಾರೋ ನಕ್ಕರು.

ಅದೇನು ಸಣ್ಣ ನಗುವಲ್ಲ. ತಡೆದುಕೊಳ್ಳಲು ನೋಡಿ, ಆಗದೆ, ಮೂಗಿನಿಂದ ಹೊರಬಿದ್ದ ನಗು. ಮೆನೂರ್ ಗಿಟಾರಿನ ತಂತಿಗಳ ಮೇಲೆ ಅಂಗೈ ಒತ್ತಿ ಸದ್ದು ನಿಲ್ಲಿಸಿದಳು. ಜಾವಾ ದ್ವೀಪದ ಯೋಗ್ಯಕರ್ತ ಊರಿನ ಕಲಾ ಕಾಲೇಜೊಂದರ ಅಂಗಳದಲ್ಲಿ ಸಂಜೆ ನಾಲ್ಕರ ಬಿಸಿಲಿಗೆ ಕುಳಿತಿದ್ದ ಇನ್ನೂರು ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು.

ಬೇಲಿಯ ಪಕ್ಕ ನೀಲಿ ಅಂಗಿಯವನೊಬ್ಬ ನಿಂತಿದ್ದ. ವಯಸ್ಸು ಮೂವತ್ತರ ಆಸುಪಾಸು. ಮೊಣಕೈವರೆಗೂ ಹಳದಿ ಲೋಹದ ಪುಡಿ ಮೆತ್ತಿಕೊಂಡಿತ್ತು. ಕೈ ತೊಳೆಯುವಷ್ಟು ಪುರುಸೊತ್ತೂ ಇಲ್ಲದೆ ಎಲ್ಲಿಂದಲೋ ಎದ್ದು ಬಂದವನಂತೆ ಕಾಣುತ್ತಿದ್ದ.

"ನೀಲಿ ಅಂಗಿಯವರೇ," ಮೆನೂರ್ ಮೈಕಿನಲ್ಲೇ ಕೇಳಿದಳು, "ನಗುವಂಥದ್ದು ಏನಾಯ್ತು? ಹೇಳಿ, ನಾವೂ ನಗ್ತೀವಿ."

"ಏನಿಲ್ಲ ಮ್ಬಾಕ್," ಅಕ್ಕಾ ಎನ್ನುವ ಜಾವಾದ ಮರ್ಯಾದೆಯಲ್ಲಿ ಅವನೆಂದ. "ತಪ್ಪಾಯ್ತು. ನೀವು ಹಾಡಿ."

"ಹೇಳೋವರೆಗೂ ಹಾಡಲ್ಲ."

ಅವನು ಅತ್ತಿತ್ತ ನೋಡಿದ. ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ.

"ಅದು... 'ಕುಲೊ ಕೊಂಡೂರ್' ಅಂತ ಹಾಡಿದ್ರಲ್ಲ. ಕುಲೊ ಅಂದ್ರೆ ನಾನು, ಸರಿ. ಆದ್ರೆ ಕೊಂಡೂರ್ ಅನ್ನೋದು ದೊಡ್ಡವರಿಗೆ ಹೇಳೋ ಮಾತು. ಅಪ್ಪ ಕೊಂಡೂರ್, ಗುರುಗಳು ಕೊಂಡೂರ್... ಅಂದ್ರೆ ಮನೆಗೆ ದಯಮಾಡಿಸ್ತಿದ್ದಾರೆ ಅಂತ. ತನಗೆ ತಾನೇ ಯಾರೂ ಹೇಳ್ಕೊಳ್ಳಲ್ಲ. ನೀವು ನೋಡಿದ್ರೆ ಕಣ್ಣಲ್ಲಿ ನೀರು ತುಂಬ್ಕೊಂಡು 'ನಾನು ಮನೆಗೆ ದಯಮಾಡಿಸ್ತಾ ಇದ್ದೀನಿ, ಬಾಗಿಲು ಹಾಕಬೇಡ' ಅಂತೀರಿ. ಅದಕ್ಕೆ ತಡೆಯೋಕಾಗ್ಲಿಲ್ಲ."

ಅಂಗಳಕ್ಕೆ ಅಂಗಳವೇ ಗೊಳ್ಳೆಂದಿತು. ಪಕ್ಕದಲ್ಲಿ ಬೇಸ್ ಗಿಟಾರ್ ಹಿಡಿದಿದ್ದ ಬಿನ್ಸಾರ್ ಕೂಡ ನಕ್ಕ. ಅವನು ಸುಮಾತ್ರಾದ ಬಾತಕ್ ಹುಡುಗ, ಜಾವಾದ ಮಾತಿನ ಗಂಧಗಾಳಿ ಗೊತ್ತಿಲ್ಲದವನು. ಅವನಿಗೇಕೆ ನಗು ಬರಬೇಕು ಹೇಳಿ.

ಮೆನೂರ್‌ಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಎರಡು ವರ್ಷದಿಂದ ಈ ಹಾಡನ್ನು ಹಾಡುತ್ತಿದ್ದಾಳೆ. ಇದ್ದಷ್ಟು ಹಾಡುಗಳಲ್ಲಿ ಜನ ಕೇಳಿ ಕೇಳಿ ಹಾಡಿಸಿಕೊಳ್ಳುವುದು ಇದೊಂದನ್ನೇ. ಈ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಆದರೂ ಅವಳು ಹಠಮಾರಿ. ಗಿಟಾರ್ ಎತ್ತಿಕೊಂಡು ಮೊದಲಿನಿಂದ ಹಾಡಿದಳು. ಪಲ್ಲವಿ ಬಂದಾಗ ಅದೇ ಪದವನ್ನು ಇನ್ನಷ್ಟು ಗಟ್ಟಿಯಾಗಿ ಹಾಡಿ ಬೇಲಿಯ ಕಡೆ ನೋಡಿದಳು.

ಅವನು ನಗುತ್ತಿರಲಿಲ್ಲ. ಕಣ್ಣು ಮುಚ್ಚಿ, ತಲೆ ಬಗ್ಗಿಸಿ, ತುಟಿ ಅಲುಗಿಸುತ್ತಿದ್ದ. ಅದೇ ಪದ, ಅದೇ ಸಾಲು. ಹಾಡು ಮುಗಿದು ಚಪ್ಪಾಳೆ ಬೀಳುವಷ್ಟರಲ್ಲಿ ಅಲ್ಲಿಂದ ಹೋಗಿಬಿಟ್ಟಿದ್ದ.

'ತಪ್ಪು ಅಂದವನು ಮತ್ತೆ ಯಾಕೆ ಗುನುಗಿದ?'

ಆ ಪ್ರಶ್ನೆ ಹುಳದಂತೆ ಅವಳ ತಲೆ ಹೊಕ್ಕಿತು.

*

ಅಂದಿನ ವಿಡಿಯೊ ಊರೆಲ್ಲ ಹಬ್ಬಿತು. ಬಿನ್ಸಾರ್‌ಗಂತೂ ಹಬ್ಬ.

"ಏನಮ್ಮಾ, ತಿಂಡಿಗೆ ದಯಮಾಡಿಸ್ತೀಯಾ? ಇಲ್ಲ ಇಲ್ಲೇ ಪಲ್ಲಕ್ಕಿ ತರಲಾ?"

"ಬಾಯಿ ಮುಚ್ಚು. ನಿಂಗೆ ಜಾವಾ ಮಾತಲ್ಲಿ ಉಪ್ಪು ಕೇಳೋಕೂ ಬರಲ್ಲ."

"ನಂಗೆ ಬರಲ್ಲ, ನಾನು ಹಾಡಲ್ಲ. ನಿಂಗೂ ಬರಲ್ಲ, ಆದ್ರೂ ಹಾಡ್ತೀಯ. ಅಷ್ಟೇ ವ್ಯತ್ಯಾಸ."

ಅವನು ಹೇಳಿದ್ದೂ ಸುಳ್ಳಲ್ಲ. ಮೆನೂರ್ ಬೆಳೆದದ್ದು ಕಡಲಾಚೆ, ಕಾಲಿಮಂತಾನ್‌ನ ಬಾಲಿಕ್‌ಪಾಪನ್‌ನಲ್ಲಿ. ಅಲ್ಲಿ ಶಾಲೆ, ಬೀದಿ, ಅಂಗಡಿ ಎಲ್ಲ ಕಡೆಯೂ ಇಂಡೊನೇಷ್ಯದ ಭಾಷೆಯೇ. ಅಮ್ಮ ಜಾವಾದವಳು. ಸಿಟ್ಟು ಬಂದಾಗ, ಮುದ್ದು ಬಂದಾಗ ಅವಳ ಬಾಯಿಂದ ಉದುರಿದ ನಾಲ್ಕು ಮಾತುಗಳಷ್ಟೇ ಮಗಳಿಗೆ ದಕ್ಕಿದ್ದು. ಅವಳ ಸಂಗೀತವೂ ಹಾಗೆಯೇ. ಕೆರೊಂಚೊಂಗ್‌ನ ಪುಟ್ಟ ತಂತಿವಾದ್ಯ, ದಂಗ್ದುತ್‌ನ ಕುಣಿಸುವ ತಾಳ, ನಡುವೆ ರ್‍ಯಾಪ್, ಕೊನೆಯಲ್ಲಿ ರಾಕ್ ಗಿಟಾರಿನ ಅಬ್ಬರ. ಒಂದು ದೊಡ್ಡ ಕಂಪನಿಯವರು ಕರೆದು, ಯಾವುದಾದರೂ ಒಂದು ಬಗೆ ಆರಿಸಿಕೊಂಡರೆ ಬೆಳೆಸುತ್ತೇವೆ ಎಂದಿದ್ದರು. ಆಗಲ್ಲ ಎಂದು ಎದ್ದು ಬಂದಿದ್ದಳು. ತನ್ನ ಬಾಡಿಗೆ ಕೋಣೆಯಲ್ಲೇ, ಕಿಟಕಿಗೆ ಹಾಸಿಗೆ ಒತ್ತಿಟ್ಟು, ತಾನೇ ಧ್ವನಿಮುದ್ರಿಸಿ ತಾನೇ ಬಿಡುಗಡೆ ಮಾಡುತ್ತಿದ್ದಳು. ಇದು ಯಾವ ಸಂಗೀತ ಎಂದು ಯಾರಾದರೂ ಕೇಳಿದರೆ, "ಗಾಡೊ-ಗಾಡೊ. ಎಲ್ಲಾ ತರಕಾರಿ ಹಾಕಿ ಕಡಲೆಕಾಯಿ ಗೊಜ್ಜು ಸುರಿದದ್ದು" ಎನ್ನುತ್ತಿದ್ದಳು.

ನೀಲಿ ಅಂಗಿಯವನನ್ನು ಪತ್ತೆ ಹಚ್ಚಲು ಎರಡು ದಿನ ಹಿಡಿಯಿತು. ಹೆಸರು ಜಾತ್ಮಿಕೊ. ಊರಿನ ದಕ್ಷಿಣಕ್ಕೆ, ಗದ್ದೆಗಳ ನಡುವಿನ ಹಳ್ಳಿಯೊಂದರಲ್ಲಿ ಗಾಮೆಲಾನ್ ಮೇಳದ ಕಂಚಿನ ವಾದ್ಯಗಳಿಗೆ ಶ್ರುತಿ ಹಿಡಿಯುವ ಕೆಲಸ. ಮೈಗೆ ಮೆತ್ತಿದ್ದು ಕಂಚಿನ ಪುಡಿ.

ಮೆನೂರ್ ಸ್ಕೂಟರ್ ಹತ್ತಿದಳು. ಕಂಚಿನ ಪಟ್ಟಿಗಳ ಒಂದು ಸಾರೊನ್ ವಾದ್ಯ ಬೇಕು ಎಂಬ ನೆಪವೂ ಸಿದ್ಧವಿತ್ತು.

ಚಪ್ಪರದಡಿ ಚಾಪೆಯ ಮೇಲೆ ಕುಳಿತು ಅವನು ಒಂದು ಪಟ್ಟಿಯನ್ನು ಬಡಿದು, ಕೇಳಿ, ಮಗುಚಿ ಕೆರೆಯುತ್ತಿದ್ದ. ಅವಳನ್ನು ಕಂಡವನೇ ಕೆರೆಯುವ ಉಳಿಯನ್ನು ಕೆಳಗಿಟ್ಟ.

"ಬೈಯೋಕೆ ಬಂದ್ರಾ ಮ್ಬಾಕ್?"

"ಆಮೇಲೆ ಬೈತೀನಿ. ಮೊದಲು ಇದು ಹೇಳಿ, ಪಟ್ಟಿಯ ನಡುವೆ ಯಾಕೆ ಕೆರೀತೀರಿ?"

"ನಡುವೆ ಕೆರೆದ್ರೆ ಸ್ವರ ಇಳಿಯುತ್ತೆ. ತುದಿ ಕೆರೆದ್ರೆ ಏರುತ್ತೆ."

"ಜಾಸ್ತಿ ಕೆರೆದ್ರೆ?"

"ಬೈಸ್ಕೊಳ್ತೀನಿ. ಹೋದ ಕಂಚು ಮತ್ತೆ ಬಂದು ಅಂಟಲ್ಲ."

ಅವಳು ಚಾಪೆಯ ಮೇಲೆ ಕುಳಿತೇಬಿಟ್ಟಳು. ಪ್ರಶ್ನೆಯ ಮೇಲೆ ಪ್ರಶ್ನೆ. ಈ ಊರಿನ ವಾದ್ಯ ಪಕ್ಕದೂರಿನದಕ್ಕೆ ಏಕೆ ಹೊಂದುವುದಿಲ್ಲ? ಯಂತ್ರವಿಲ್ಲದೆ ಸ್ವರ ಸರಿಯೋ ತಪ್ಪೋ ಹೇಗೆ ಗೊತ್ತಾಗುತ್ತದೆ? ಸಾರೊನ್ ಅನ್ನು ಗಿಟಾರಿನ ಶ್ರುತಿಗೆ ತಂದುಕೊಡಬಹುದೇ?

"ಗಿಟಾರ್ ತಂತಿ ತಿರುಗಿಸೋಕೆ ಒಂದು ನಿಮಿಷ," ಜಾತ್ಮಿಕೊ ಹೇಳಿದ. "ಕಂಚು ಕೆರೆಯೋಕೆ ಒಂದು ದಿನ. ಯಾರು ಯಾರಿಗೆ ಹೊಂದ್ಕೋಬೇಕು ನೀವೇ ಹೇಳಿ."

ಅವಳು ಮಾತು ತಿರುಗಿಸಿ ಬಂದ ಕೆಲಸವನ್ನೇ ಕೇಳಿದಳು.

"ಆ ದಿನ ಯಾಕೆ ತುಟಿ ಆಡಿಸ್ತಿದ್ರಿ?"

ಅವನ ಕಿವಿ ಕೆಂಪಾಯಿತು. "ನೋಡಿಬಿಟ್ರಾ?"

"ನೋಡೋಕೇ ಅಂತ ಮತ್ತೆ ಹಾಡಿದ್ದು."

"ಆ ಸಾಲಿನ ಕೊನೇ ಸ್ವರ..." ಎದುರಿನ ಎರಡು ಪಟ್ಟಿಗಳನ್ನು ಒಂದಾದ ಮೇಲೊಂದು ಬಡಿದ. "ಇದೂ ಅಲ್ಲ, ಇದೂ ಅಲ್ಲ. ಎರಡರ ಮಧ್ಯೆ ಎಲ್ಲೋ ಬೀಳುತ್ತೆ. ನಮ್ಮ ಶ್ರುತೀಲೂ ಇಲ್ಲ, ನಿಮ್ಮ ಗಿಟಾರಲ್ಲೂ ಇಲ್ಲ. ಆದ್ರೆ ಪ್ರತಿ ಸಲ ಅಲ್ಲೇ ಹಾಡ್ತೀರಿ, ಕೂದಲೆಳೆಯಷ್ಟೂ ಆಚೀಚೆ ಆಗಲ್ಲ. ಅದನ್ನ ಎಲ್ಲಿಂದ ತಂದ್ರಿ?"

ಮೆನೂರ್ ತಾನೂ ಆ ಎರಡು ಪಟ್ಟಿಗಳನ್ನು ಬಡಿದು ನೋಡಿದಳು.

"ಗೊತ್ತಿಲ್ಲ," ಎಂದಳು. ನಿಜಕ್ಕೂ ಗೊತ್ತಿರಲಿಲ್ಲ. ಒಂದು ಸಂಜೆ ಗಿಟಾರ್ ಹಿಡಿದು ಕುಳಿತಾಗ ಆ ಎರಡು ಪದಗಳು ಆ ಧಾಟಿಯಲ್ಲೇ ಬಾಯಿಗೆ ಬಂದಿದ್ದವು. ಹಾಡಿನ ಮಿಕ್ಕ ಭಾಗವನ್ನೆಲ್ಲ ಅವಕ್ಕೆ ಸುತ್ತುವರಿದು ಕಟ್ಟಿದ್ದಳು.

*

ಸಾರೊನ್ ಕಲಿಯುವ ನೆಪದಲ್ಲಿ ಅವಳು ವಾರಕ್ಕೆ ಎರಡು ಬಾರಿ ಬಂದಳು. ಆಮೇಲೆ ಮೂರು ಬಾರಿ. ಆಮೇಲೆ ನೆಪ ಕೇಳುವವರೇ ಇರಲಿಲ್ಲ.

ಗಿಟಾರ್ ತಂತಿಯನ್ನು ಅವಳೇ ತಿರುಗಿಸಿಕೊಂಡಳು. ಕಂಚಿಗೆ ಹೊಂದಿದ ತಂತಿ ಒಂದು ಹೊಸ ಬಗೆಯಲ್ಲಿ ಮಿಡಿದಾಗ ಇಬ್ಬರೂ ಮಕ್ಕಳಂತೆ ಮುಖ ಮುಖ ನೋಡಿಕೊಂಡರು. ಅವನು ಅವಳಿಗೆ ಮರ್ಯಾದೆಯ ಮಾತು ಕಲಿಸಿದ. ತಾನು ಮನೆಗೆ ಹೋಗುವುದಾದರೆ 'ವಾಂಗ್ಸುಲ್' ಅನ್ನಬೇಕು, ಹಿರಿಯರು ಹೋಗುವುದಾದರೆ 'ಕೊಂಡೂರ್'. ತಾನು ತಿನ್ನುವುದಕ್ಕೆ ಒಂದು ಪದ, ಅವರು ಉಣ್ಣುವುದಕ್ಕೆ ಇನ್ನೊಂದು.

"ಇಷ್ಟೊಂದು ಪದ ಯಾಕೆ ಬೇಕು? ಹೊಟ್ಟೆ ಒಂದೇ ಅಲ್ವಾ?"

"ಹೊಟ್ಟೆ ಒಂದೇ. ತಿನ್ನೋರು ಬೇರೆ ಬೇರೆ."

ಅಲ್ಲಿಯವರೆಗೂ ಇಬ್ಬರ ನಡುವೆ ನೀವು, ತಾವು ಎಂಬ ಬೇಲಿ ಇತ್ತು. ಅದು ಮುರಿದದ್ದು ಒಂದು ಮಧ್ಯಾಹ್ನ, ಸೋಯಾ ಕಾಳಿನ ಬಿಸಿ ಬಿಸಿ ತೆಂಪೆ ಬಜ್ಜಿ ತಿನ್ನುವಾಗ. ಅವಳು ಪಕ್ಕದಲ್ಲಿದ್ದ ಹಸಿ ಸೂಜಿಮೆಣಸನ್ನು ಬೀನ್ಸ್ ಎಂಬಂತೆ ಬಾಯಿಗೆ ಹಾಕಿಕೊಂಡಳು. ಕಣ್ಣು ಮೂಗಿನಿಂದ ನೀರು ಸುರಿಯತೊಡಗಿತು.

"ಏ, ನೀರು ಕುಡೀಬೇಡ, ಇನ್ನೂ ಉರಿಯುತ್ತೆ. ಈ ಚಹಾ ಕುಡಿ. ಕುಡಿಯೇ, ನೋಡ್ತಾ ಏನು ಕೂತಿದ್ದೀಯ!"

ಸಕ್ಕರೆ ಸುರಿದ ಮಲ್ಲಿಗೆ ಚಹಾವನ್ನು ಕುಡಿಯುತ್ತಲೇ ಅವಳ ಗಮನಕ್ಕೆ ಬಂತು. ಅವನಿಗೂ ಬಂತು. ಗಾಬರಿಯಲ್ಲಿ ಮರ್ಯಾದೆಯೆಲ್ಲ ಮರೆತುಹೋಗಿತ್ತು.

"ಕ್ಷಮಿಸಿ ಮ್ಬಾಕ್, ನಾನು..."

"ಮತ್ತೆ 'ಕ್ಷಮಿಸಿ' ಅಂತ ಮರ್ಯಾದೆ ಹಚ್ಚಿದ್ರೆ ಇನ್ನೊಂದು ಮೆಣಸು ತಿಂತೀನಿ."

ಅವನು ನಕ್ಕ. ಅಂಗಳದಲ್ಲಿ ಅವಳನ್ನು ಸುಟ್ಟಿದ್ದ ಅದೇ ನಗು. ಈಗ ಅದನ್ನೇ ಇನ್ನೊಮ್ಮೆ ಕೇಳಬೇಕು ಅನ್ನಿಸಿ ಅವಳಿಗೆ ತನ್ನ ಮೇಲೆಯೇ ಕೋಪ ಬಂತು.

'ಅಯ್ಯೋ ಮೆನೂರ್, ನಿನ್ನ ಕಥೆ ಮುಗೀತು,' ಎಂದುಕೊಂಡಳು.

ಅವನ ಕಥೆಯೂ ಮುಗಿದಿತ್ತು. ಆದರೆ ಅವನು ಜಾವಾದ ಗಂಡಸು. ಮನಸ್ಸಿನಲ್ಲಿದ್ದುದು ಬಾಯಿಗೆ ಬರಬೇಕಾದರೆ ಎಷ್ಟೋ ಸುತ್ತು ಬಳಸಿ ಬರಬೇಕು.

*

ಆಗ ಬಂತು ರೇಡಿಯೊದಿಂದ ಕರೆ.

ಭಾನುವಾರ ಬೆಳಿಗ್ಗೆಯ ಜಾವಾ ಭಾಷೆಯ ಕಾರ್ಯಕ್ರಮ. ಮೊಬೈಲ್ ಮುಟ್ಟದ ಅಜ್ಜ ಅಜ್ಜಿಯರು ಚಹಾ ಲೋಟ ಹಿಡಿದು ಕೇಳುವಂಥದ್ದು. ಅಂತರ್ಜಾಲದಲ್ಲಿ ಎಲ್ಲೆಲ್ಲಿಗೂ ಮುಟ್ಟಿದ್ದ ಮೆನೂರ್‌ಳ ಹಾಡು ಆ ಮನೆಗಳಿಗೆ ಮಾತ್ರ ಮುಟ್ಟಿರಲಿಲ್ಲ. ಅವಳಿಗೆ ಅದೇ ಬೇಕಿತ್ತು. ಯಾರ ಮಾತಿನಲ್ಲಿ ಹಾಡಿದ್ದಾಳೋ ಅವರೇ ಒಮ್ಮೆ ಕೇಳಿ, ಇವಳು ನಮ್ಮ ಹುಡುಗಿ ಅನ್ನಬೇಕಿತ್ತು. ಹುಟ್ಟಿದಾಗಿನಿಂದ ಅವಳು ಅರ್ಧ ಇಲ್ಲಿಯವಳು, ಅರ್ಧ ಅಲ್ಲಿಯವಳು.

ಸುದ್ದಿ ಹೇಳಲು ಓಡಿಬಂದಾಗ ಜಾತ್ಮಿಕೊನ ಚಾಪೆಯ ಮೇಲೆ ಒಂದು ಹಾಳೆ ಇತ್ತು. ಅವಳ ಹಾಡೇ. ಅಚ್ಚುಕಟ್ಟಾದ ಕೈಬರಹ. ಪಲ್ಲವಿಯಲ್ಲಿ ಕೊಂಡೂರ್ ಇಲ್ಲ, ವಾಂಗ್ಸುಲ್ ಇದೆ.

"ಇದೇನಿದು?"

"ಆ ವಿಡಿಯೊ ನೋಡಿ ರೇಡಿಯೊದವರು ನನಗೂ ಫೋನ್ ಮಾಡಿದ್ರು. ಆ ಪದ ಸರಿಮಾಡಿದ್ರೆ ಮಾತ್ರ ಅವಕಾಶ ಅಂದ್ರು. ಮಾಡ್ತಾಳೆ ಅಂದೆ. ಅಳತೆಗೂ ಸರಿಯಾಗಿ ಕೂರುತ್ತೆ ನೋಡು, ಅದೂ ಎರಡೇ ಅಕ್ಷರ..."

"ನನ್ನ ಕೇಳಿದ್ಯಾ?"

"ಒಂದ್ಸಲ ಹಾಡಿ ನೋಡು."

ಹಾಡಿದಳು. ಅವನಿಗೋಸ್ಕರವೇ ಹಾಡಿದಳು. ಅಳತೆ ಸರಿ, ಅರ್ಥ ಸರಿ, ವ್ಯಾಕರಣ ಸರಿ. ಆದರೆ ಎರಡು ಪಟ್ಟಿಗಳ ನಡುವೆ ಬೀಳುತ್ತಿದ್ದ ಆ ಸ್ವರ ಈಗ ನೇರವಾಗಿ ಒಂದು ಪಟ್ಟಿಯ ಮೇಲೆ ಬಿತ್ತು. ಉಪ್ಪಿಲ್ಲದ ಸಾರಿನಂತಾಯಿತು ಹಾಡು. ಅವಳ ಎದೆಯಲ್ಲಿ ಏನೋ ಖಾಲಿಯಾಯಿತು.

"ಆಗಲ್ಲ. ಇದು ನನ್ನ ಹಾಡಲ್ಲ."

"ರೂಢಿ ಆಗುತ್ತೆ ಮೆನೂರ್. ತಪ್ಪು ತಪ್ಪೇ ಅಲ್ವಾ? ಸರಿಮಾಡೋದ್ರಲ್ಲಿ..."

"ಗಿಟಾರ್ ತಿರುಗಿಸು ಅಂದೆ, ತಿರುಗಿಸಿದೆ. ಮಾತು ಕಲಿ ಅಂದೆ, ಕಲಿತೆ. ಈಗ ನನ್ನ ಕೇಳದೆ ನನ್ನ ಹಾಡನ್ನೇ ಕೆರೀತಿದ್ದೀಯ. ನಾನೇನು ನಿನ್ನ ಕಂಚಿನ ಪಟ್ಟಿನಾ? ಹೋದ ಕಂಚು ಮತ್ತೆ ಅಂಟಲ್ಲ ಅಂತ ಹೇಳಿದ್ದು ನೀನೇ ಅಲ್ವಾ?"

ಜಾತ್ಮಿಕೊನ ಮುಖ ಬಿಳಿಚಿತು. ಏನೋ ಹೇಳಲು ಹೊರಟು ತುಟಿ ಕಚ್ಚಿಕೊಂಡ. ಆಮೇಲೆ ನೆಟ್ಟಗೆ ಕುಳಿತು, ಎರಡೂ ಕೈಗಳನ್ನು ಮಡಿಲಲ್ಲಿಟ್ಟು, ಬೇರೆಯದೇ ದನಿಯಲ್ಲಿ ಮಾತಾಡಿದ.

"ತಾವು ಹೇಳಿದ್ದು ಸರಿ. ತಮ್ಮನ್ನು ಕೇಳಬೇಕಿತ್ತು. ತಮಗೆ ನೋವಾಗಿದ್ದರೆ ದಯವಿಟ್ಟು ಕ್ಷಮಿಸಬೇಕು."

ತಾವು.

ಬೈದಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು. ಕೂಗಾಡಿದ್ದರೆ ಅತ್ತುಬಿಡುತ್ತಿದ್ದಳು. ಈ ಮರ್ಯಾದೆಗೆ ಏನು ಮಾಡಬೇಕೋ ತಿಳಿಯಲಿಲ್ಲ. ಒಂದು ಪದದಲ್ಲಿ ಅವಳನ್ನು ಮನೆಯೊಳಗಿಂದ ಎತ್ತಿ ಬೀದಿಯ ಗುರುತಿಲ್ಲದವರ ನಡುವೆ ನಿಲ್ಲಿಸಿದ್ದ.

"ಸರಿ," ಎಂದಳು. ಸ್ಕೂಟರ್ ಕೀಲಿ ಎತ್ತಿಕೊಂಡು ಎದ್ದಳು. "ಬರ್ತೀನಿ ಮಸ್ ಜಾತ್ಮಿಕೊ," ಅವನ ಹೆಸರಿಗೆ ಅವಳೂ ಮರ್ಯಾದೆಯ 'ಮಸ್' ಸೇರಿಸಿದಳು. "ತಮಗೂ ಧನ್ಯವಾದ."

*

ಮೂರು ದಿನ ಅವಳು ಕೋಣೆಯಿಂದ ಹೊರಬೀಳಲಿಲ್ಲ. ಬಿನ್ಸಾರ್ ಅನ್ನ ತಂದಿಟ್ಟು, ಬಾಗಿಲಲ್ಲೇ ಕುಳಿತು ಅವಳ ಪಾಲಿನ ಮೀನನ್ನೂ ತಿಂದ.

"ಒಂದು ಕೇಳ್ಲಾ? ಆ ಪದ ಬದಲಾಯಿಸಿದ್ರೆ ರೇಡಿಯೊನೂ ಸಿಗುತ್ತೆ, ಆ ಕಂಚಿನ ಮನುಷ್ಯನೂ ಸಿಗ್ತಾನೆ. ಬದಲಾಯಿಸದಿದ್ರೆ ಎರಡೂ ಹೋಗುತ್ತೆ. ಎರಡಕ್ಷರಕ್ಕೆ ಇಷ್ಟು ಹಠ ಯಾಕೆ?"

"ಅದೇ ನಂಗೂ ಗೊತ್ತಾಗ್ತಿಲ್ಲ ಕಣೋ."

"ಗೊತ್ತಿರೋರನ್ನ ಕೇಳು ಮತ್ತೆ. ನಿಂಗೆ ಮಾತು ಕಲಿಸಿದ್ದು ಯಾರು? ಬೀದಿ ಬೆಕ್ಕಾ?"

ಇಷ್ಟು ದಿನ ಈ ಬುದ್ಧಿ ತನಗೆ ಏಕೆ ಹೊಳೆಯಲಿಲ್ಲ ಎಂದು ಮೆನೂರ್ ಅವನನ್ನೇ ನೋಡಿದಳು. ನಿಜ ಹೇಳಬೇಕೆಂದರೆ ಹೊಳೆದಿತ್ತು. ಅಮ್ಮನ ಹತ್ತಿರ ಕೇಳಲು ಭಯವಿತ್ತು. ಅವಳ ಹಾಡುಗಳ ಬಗ್ಗೆ ಅಮ್ಮ ಸುಮಿರಾ ಒಂದು ಮಾತೂ ಆಡುತ್ತಿರಲಿಲ್ಲ.

ಆ ಸಂಜೆಯೇ ಫೋನ್ ಮಾಡಿದಳು.

"ಇಬು, ಕೊಂಡೂರ್ ಅನ್ನೋ ಮಾತು ನಂಗೆ ಎಲ್ಲಿಂದ ಬಂತು?"

ಆ ಕಡೆ ಪಾತ್ರೆ ಸದ್ದು ನಿಂತಿತು.

"ಇಬು?"

"ಈಗ್ಯಾಕೆ ಅದು?"

"ಬೇಕಿತ್ತು. ನೀನು ನನ್ನ ಆ ಹಾಡು ಕೇಳಿದ್ದೀಯಾ?"

"ಒಂದ್ಸಲ. ಪೂರ್ತಿ ಕೇಳೋಕಾಗ್ಲಿಲ್ಲ ಮಗಾ. ಒಲೆ ಮೇಲೆ ಅನ್ನ ಇತ್ತು."

ಅಮ್ಮ ಸುಳ್ಳು ಹೇಳುತ್ತಿದ್ದಾಳೆಂದು ಮೆನೂರ್‌ಗೆ ಗೊತ್ತಾಯಿತು.

"ನಿನ್ನಪ್ಪ ಲಾರಿ ಕೆಲಸ ಮುಗಿಸಿ ಬರೋದು ಸಂಜೆ ಐದಕ್ಕೆ," ಸುಮಿರಾ ನಿಧಾನಕ್ಕೆ ಶುರುಮಾಡಿದಳು. "ನೀನು ಬೀದೀಲಿ ಮಣ್ಣಾಟ ಆಡ್ಕೊಂಡಿರ್ತಿದ್ದೆ. ಎಷ್ಟು ಕೂಗಿದ್ರೂ ಬರ್ತಿರಲಿಲ್ಲ. ಅದಕ್ಕೆ ಹಿತ್ತಿಲ ಬಾಗಿಲಲ್ಲಿ ನಿಂತು 'ಬಾಪಾ ಕೊಂಡೂರ್' ಅಂತ ಕರೀತಿದ್ದೆ, ಅಪ್ಪ ಬರ್ತಿದ್ದಾರೆ ಅಂತ. ಆ ಮಾತು ಕಿವಿಗೆ ಬಿದ್ರೆ ನೀನು ಎಲ್ಲಿದ್ರೂ ಓಡಿಬರ್ತಿದ್ದೆ ನೋಡು. ಮುಖ ತೊಳೆಸಿ ಬಾಗಿಲಲ್ಲಿ ಕೂರಿಸ್ತಿದ್ದೆ."

ಮೆನೂರ್‌ಗೆ ಅಪ್ಪನ ಮುಖ ನೆನಪಿಲ್ಲ. ಅವಳಿಗೆ ನಾಲ್ಕು ತುಂಬುವ ಮೊದಲೇ ಆತ ಸುಲಾವೆಸಿಯಲ್ಲಿ ಇನ್ನೊಂದು ಸಂಸಾರ ಹೂಡಿ ಹೋಗಿಬಿಟ್ಟಿದ್ದ. ಅಷ್ಟು ಮಾತ್ರ ಗೊತ್ತಿತ್ತು.

"ಅವರು ಹೋದ ಮೇಲೆ?"

"ಹೋದ ಮೇಲೂ ಕರೀತಿದ್ದೆ. ಒಂದೂವರೆ ವರ್ಷ. ಇಲ್ಲಾಂದ್ರೆ ನೀನು ಆಟ ಬಿಟ್ಟು ಬರ್ತಿರಲಿಲ್ಲ. ಬಂದು ಬಾಗಿಲಲ್ಲಿ ಕೂರ್ತಿದ್ದೆ. ಕತ್ತಲಾದ್ರೆ ಅಲ್ಲೇ ನಿದ್ದೆ ಹೋಗ್ತಿದ್ದೆ, ನಾನೇ ಎತ್ತಿ ಒಳಗೆ ಮಲಗಿಸ್ತಿದ್ದೆ."

"ಬಿಟ್ಟು ಹೋದವರಿಗೆ ಅಷ್ಟು ಮರ್ಯಾದೆ ಕೊಟ್ಟು ಕರೀತಿದ್ಯಾ ಇಬು?"

"ಅವರಿಗಲ್ಲ ಮಗಾ. ನಿಂಗೆ ಒಬ್ಬ ಅಪ್ಪ ಇದ್ದಾನೆ ಅನ್ನೋದಕ್ಕೆ."

ಮೆನೂರ್ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿದಳು.

"ಹೇಗೆ ಕರೀತಿದ್ದೆ? ಒಂದೇ ಒಂದ್ಸಲ..."

"ಹುಚ್ಚು ಹುಡುಗಿ. ಅಕ್ಕಪಕ್ಕದವರು ಏನಂದ್ಕೋತಾರೆ?"

ಆದರೆ ಕರೆದಳು. ಅರವತ್ತು ದಾಟಿದ ಒಡಕು ದನಿ. "ಬಾಪಾ ಕೊಂಡೂ...ರ್." ಕೊನೆಯ ಸ್ವರ ಎಳೆದು, ಇಳಿದು, ಯಾವ ಪಟ್ಟಿಯ ಮೇಲೂ ಕೂರದೆ ನಡುವೆ ಎಲ್ಲೋ ಬಿತ್ತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಮೆನೂರ್ ಫೋನನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅನ್ನದ ತಟ್ಟೆ ತೆಗೆಯಲು ಬಂದಿದ್ದ ಬಿನ್ಸಾರ್ ಅವಳ ಪಕ್ಕ ನೆಲದ ಮೇಲೆ ಕುಳಿತ.

*

ಭಾನುವಾರ ಬೆಳಿಗ್ಗೆ ಎಂಟು. ನೇರ ಪ್ರಸಾರ.

ಕಾರ್ಯಕ್ರಮ ನಡೆಸುವ ಬು ಸುಪಾರ್ತಿನಿ, ಎಂದರೆ ಸುಪಾರ್ತಿನಿ ಅಮ್ಮ, ಎಪ್ಪತ್ತರ ಹೆಂಗಸು. ಮೂವತ್ತು ವರ್ಷದಿಂದ ಜನರ ಮಾತು ತಿದ್ದುತ್ತಾ ಬಂದ ಆಕೆಯ ಕನ್ನಡಕದ ಹಿಂದಿನ ಕಣ್ಣಿಗೆ ಪ್ರೊಫೆಸರುಗಳೂ ಹೆದರುತ್ತಿದ್ದರು. ಮೆನೂರ್‌ಳನ್ನು ಪರಿಚಯಿಸಿ, "ಹಾಡಿನಲ್ಲಿ ಒಂದು ತಪ್ಪಿತ್ತಂತೆ, ಸರಿಮಾಡಿಕೊಂಡು ಬಂದಿದ್ದಾರೆ," ಎಂದು ಕೇಳುಗರಿಗೆ ಹೇಳಿದರು.

"ಇಲ್ಲ ಬು," ಮೆನೂರ್ ಮೈಕಿಗೆ ಬಾಗಿದಳು. "ಸರಿಮಾಡಿಲ್ಲ. ಯಾಕೆ ಅಂತ ಹೇಳ್ತೀನಿ. ಕೇಳಿದ ಮೇಲೆ ಬೇಡ ಅಂದ್ರೆ ಹಾಡದೆ ಎದ್ದು ಹೋಗ್ತೀನಿ."

ಹೇಳಿದಳು. ತಡವರಿಸುವ, ಅರ್ಧಂಬರ್ಧ ಜಾವಾ ಮಾತಿನಲ್ಲೇ ಹೇಳಿದಳು. ಬೀದಿ, ಮಣ್ಣು, ಹಿತ್ತಿಲ ಬಾಗಿಲು, ಒಂದೂವರೆ ವರ್ಷ.

"ಮನೆಗೆ ಬರೋದು ಅಂದ್ರೆ ನಂಗೆ ಗೊತ್ತಿದ್ದದ್ದು ಇದೊಂದೇ ಪದ. ಬೇರೆ ಪದದಲ್ಲಿ ಯಾರೂ ನಮ್ಮನೆಗೆ ಬರಲೇ ಇಲ್ಲ. ಬರಬೇಕಾದವರು ಬರಲಿಲ್ಲ ಅಂತ, ಅವರ ಮಾತನ್ನ ನಾನೇ ಇಟ್ಕೊಂಡುಬಿಟ್ಟೆ ಅಂತ ಕಾಣುತ್ತೆ."

ಬು ಸುಪಾರ್ತಿನಿ ಕನ್ನಡಕ ತೆಗೆದು ಹೆಗಲ ಮೇಲಿನ ಶಾಲಿನಂಚಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

"ಹಾಡು ಮಗಳೇ," ಎಂದರು. "ಬೈಯೋರು ನಂಗೆ ಫೋನ್ ಮಾಡಲಿ."

ಆ ಹೊತ್ತಿಗೆ ಊರಿನ ದಕ್ಷಿಣದ ಒಂದು ಚಪ್ಪರದಡಿ ರೇಡಿಯೊ ಹಾಕಿಕೊಂಡು ಕೆರೆಯುತ್ತಿದ್ದ ಕೈಯೊಂದು ನಿಂತುಹೋಗಿತ್ತು. ಹಾಡಿನ ಮೊದಲ ಪಲ್ಲವಿ ಮುಗಿಯುವಷ್ಟರಲ್ಲಿ ಆ ಮನುಷ್ಯ ಹೆಲ್ಮೆಟ್ ಹುಡುಕುತ್ತಿದ್ದ.

*

ರೇಡಿಯೊ ಕೇಂದ್ರದ ಗೇಟಿನ ಬಳಿ ಹಲಸಿನ ಮರದ ನೆರಳಿತ್ತು. ಮೆನೂರ್ ಹೊರಬಂದಾಗ ಅವನು ಅಲ್ಲಿ ನಿಂತಿದ್ದ. ಮೊಣಕೈವರೆಗೂ ಕಂಚಿನ ಪುಡಿ. ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿತ್ತು. ಅವಳ ಹಿಂದೆ ಬರುತ್ತಿದ್ದ ಬಿನ್ಸಾರ್ ಇಬ್ಬರನ್ನೂ ನೋಡಿ, ಏನೋ ಮರೆತವನಂತೆ ಮತ್ತೆ ಒಳಗೆ ಹೋದ.

"ತಾವು ಇಲ್ಲಿ?" ಮೆನೂರ್ ಕೇಳಿದಳು. ಬೇಕೆಂದೇ ಕೇಳಿದಳು.

ಜಾತ್ಮಿಕೊ ಕಣ್ಣು ಮುಚ್ಚಿ ತೆರೆದ. "ಹಾಗನ್ನಬೇಡ."

"ಶುರು ಮಾಡಿದ್ದು ನೀನು. ಒಂದು ಜಗಳಕ್ಕೆ ನನ್ನ ಹೊರಗೆ ಹಾಕಿದೆ."

"ಹೊರಗೆ ಹಾಕಲಿಲ್ಲ ಮೆನೂರ್. ನಂಗೆ ಆವತ್ತು ತುಂಬಾ ಕೋಪ ಬಂದಿತ್ತು. ಸಲಿಗೆ ಮಾತಲ್ಲಿ ಆಡಿದ್ರೆ ಏನಾದ್ರೂ ಚುಚ್ಚಿಬಿಡ್ತಿದ್ದೆ. ಆ ಮರ್ಯಾದೆ ಮಾತಲ್ಲಿ ಬೈಯೋಕೆ ಬರಲ್ಲ, ಬೈಗುಳಾನೇ ಇಲ್ಲ ಅದ್ರಲ್ಲಿ. ನಮ್ಮನೇಲಿ ಎಲ್ಲರೂ ಹಾಗೇ. ಕೋಪ ಬಂದ್ರೆ ಮೇಲಕ್ಕೆ ಹತ್ತಿಬಿಡ್ತೀವಿ. ನಿನಗೆ ನೋವಾಗಬಾರದು ಅಂತ ಹತ್ತಿದೆ."

ಮೂರು ದಿನ. ಮೂರು ದಿನ ಅವಳು ಆ ಒಂದು ಪದವನ್ನು ಹಿಡಿದು ಅತ್ತಿದ್ದಳು.

"ನಿಮ್ಮ ಜಾವಾದವರ ಪ್ರೀತಿಗೆ ಒಂದು ನಿಘಂಟು ಬೇಕು," ಎಂದಳು. ದನಿ ಒಡೆದಿತ್ತು.

"ಬೇಕು. ಹಾಳೆ ಬರೆದದ್ದು ತಪ್ಪು. ಕೇಳದೆ ಒಪ್ಪಿಕೊಂಡದ್ದು ಇನ್ನೂ ತಪ್ಪು. ಆದ್ರೆ ಯಾಕೆ ಮಾಡಿದೆ ಅಂದ್ರೆ... ಆ ಅಂಗಳದಲ್ಲಿ ಮೊದಲು ನಕ್ಕದ್ದು ನಾನು. ಎರಡನೇ ಸಲ ಯಾರೂ ನಿನ್ನ ನೋಡಿ ನಗಬಾರದು ಅನ್ನಿಸ್ತು. ಸ್ವರ ಎಲ್ಲಿಂದ ಬಂತು ಅಂತ ಕೇಳಿದೆ, ಪದ ಎಲ್ಲಿಂದ ಬಂತು ಅಂತ ಕೇಳಲೇ ಇಲ್ಲ. ಶ್ರುತಿ ಹಿಡಿಯೋನು ನಾನು, ಅಷ್ಟೂ ಕೇಳಿಸಲಿಲ್ಲ ನಂಗೆ."

ರಸ್ತೆಯಲ್ಲಿ ಯಾರೋ ಹಾರ್ನ್ ಹೊಡೆದರು. ಇಬ್ಬರೂ ಕದಲಲಿಲ್ಲ.

"ಈಗಲೂ ಆ ಪದ ತಪ್ಪಾ?" ಅವಳು ಕೇಳಿದಳು.

"ತಪ್ಪೇ."

ಅವಳು ಹುಬ್ಬೇರಿಸಿದಳು.

"ನೀನು ಹೇಳ್ಕೊಂಡ್ರೆ ತಪ್ಪು," ಅವನು ಒಂದು ಹೆಜ್ಜೆ ಹತ್ತಿರ ಬಂದ. "ಆ ಮಾತು ತನಗೆ ತಾನೇ ಹೇಳ್ಕೊಳ್ಳೋಕೆ ಇರೋದಲ್ಲ. ಮನೇಲಿ ಕಾಯೋರು ಹೇಳ್ಬೇಕು. ನಿಂಗೆ ಹೇಳೋರು ಇರಲಿಲ್ಲ, ಅದಕ್ಕೆ ನೀನೇ ಹೇಳ್ಕೊಂಡೆ. ಇನ್ಮೇಲೆ ನಾನು ಹೇಳ್ತೀನಿ. ದಿನಾ ಸಂಜೆ. ನೀನು ಯಾವ ಊರಲ್ಲಿ ಹಾಡಿ ಬಂದ್ರೂ... ಮೆನೂರ್ ಕೊಂಡೂರ್ ಅಂತ."

ಅವಳ ಕಣ್ಣು ತುಂಬಿಬಂತು. ಆದರೂ ಕೇಳದೆ ಇರಲಾಗಲಿಲ್ಲ. ಬಾಗಿಲಲ್ಲಿ ಕುಳಿತೇ ನಿದ್ದೆ ಹೋಗುತ್ತಿದ್ದ ಆ ಮಗು ಇನ್ನೂ ಅವಳೊಳಗೆ ಎಚ್ಚರವಾಗಿಯೇ ಇತ್ತು.

"ಎಷ್ಟು ದಿನ ಹೇಳ್ತೀಯ?"

"ನೀನು ಬರೋವರೆಗೂ."

"ಬರದೇ ಹೋದ್ರೆ?"

"ಆಗಲೂ ಹೇಳ್ತೀನಿ."

ಮೆನೂರ್ ತಲೆಯಾಡಿಸಿ, ಕಂಚಿನ ಪುಡಿ ಮೆತ್ತಿದ ಅವನ ಕೈ ಹಿಡಿದುಕೊಂಡಳು.

"ಬೇಡ. ಬಾರದವರನ್ನ ಅಮ್ಮ ಕರೆದದ್ದೇ ಸಾಕು. ನೀನು ಹಾಗೆ ಕಾಯಬಾರದು." ಉಸಿರೆಳೆದುಕೊಂಡು, ಅವನೇ ಕಲಿಸಿದ ಮಾತಿನಲ್ಲಿ, ತನಗೆ ತಾನು ಹೇಳಿಕೊಳ್ಳಬೇಕಾದ ಆ ಸಣ್ಣ ಪದದಲ್ಲಿ, ಜೀವನದಲ್ಲಿ ಮೊದಲ ಸಲ ತನ್ನ ಮಾತಾಗಿ, ತಪ್ಪಿಲ್ಲದೆ ಹೇಳಿದಳು. "ಕುಲೊ ವಾಂಗ್ಸುಲ್. ನಾನು ಬರ್ತೀನಿ."

ಅವನು ಅವಳ ಕೈಯನ್ನು ಬಿಗಿಯಾಗಿ ಹಿಡಿದ.

"ಸರಿ ಇದ್ಯಾ?" ಅವಳು ಕೇಳಿದಳು.

"ಏನು, ವ್ಯಾಕರಣನಾ?"

"ನಾನು ಬರೋದು."

"ಬೇಗ ಬಾ," ಎಂದ ಜಾತ್ಮಿಕೊ.